ತರಗತಿಯ ವಾಟ್ಸಾಪ್ ಗ್ರೂಪಿನಲ್ಲಿ ಏನಿರಬೇಕು, ಏನಿರಬಾರದು?

ಗಡಿಶಾಲೆ ಟೀಚರ್, ಮುಳಬಾಗಿಲು ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯ ಟೀಚರ್‌ಗಳು, ಪೋಷಕರು ಇಲ್ಲಿದ್ದೀರಿ. ಅದಕ್ಕೇ ಈ ವಿಷಯ ಇಲ್ಲಿ ಎತ್ತುತ್ತಿದ್ದೇನೆ.

ಜೂನ್ ಬಂತೆಂದರೆ ತರಗತಿಗೊಂದು ವಾಟ್ಸಾಪ್ ಗ್ರೂಪ್ ಆಗುತ್ತದೆ. ಅದು ಯಾತಕ್ಕೆ ಅಂತ ಕೂತು ಮಾತಾಡಿಕೊಂಡವರು ಕಡಿಮೆ. ಮೊದಲ ವಾರ ಪುಸ್ತಕ, ಯೂನಿಫಾರ್ಮ್ ವಿಷಯ ಬರುತ್ತದೆ. ಆಮೇಲೆ ಶುಭೋದಯದ ಹೂವು, ದೇವರ ಫೋಟೋ, ಸೈಟ್ ಮಾರಾಟಕ್ಕಿದೆ ಅನ್ನುವ ಜಾಹೀರಾತು. ನಾಳೆ ಜಂತುಹುಳು ಮಾತ್ರೆ ಕೊಡುತ್ತೇವೆ, ಮಕ್ಕಳು ತಿಂಡಿ ತಿಂದು ಬರಲಿ ಅಂತ ನಾವು ಹಾಕಿದ್ದು ಇವುಗಳ ಅಡಿಗೆ ಸೇರಿಹೋಗುತ್ತದೆ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೇ ತರಗತಿಗೆ ಪಾಠ ಮಾಡುತ್ತೇನೆ. ಆಂಧ್ರ ಗಡಿ ಹತ್ತಿರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಕ್ಕಳು ಕನ್ನಡ ಚೆನ್ನಾಗಿ ಓದುತ್ತಾರೆ. ಅಪ್ಪ ಅಮ್ಮಂದಿರಲ್ಲಿ ಬಹಳ ಜನಕ್ಕೆ ಯಾವ ಭಾಷೆಯೂ ಓದಲು ಬರುವುದಿಲ್ಲ. ಇಂಥ ಕಡೆ ಉದ್ದುದ್ದ ಟೈಪ್ ಮಾಡಿ ಹಾಕಿದರೆ ಯಾರಿಗೆ ಉಪಯೋಗ? ಅದಕ್ಕೆ ನಾನು ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಒಂದು ನಿಮಿಷದ ಒಳಗೆ. ಮೊದಲು ಯಾವ ದಿನ, ಆಮೇಲೆ ಒಂದೇ ವಿಷಯ, ಕೊನೆಗೆ ಮಗು ಏನು ತರಬೇಕು. ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ. ಎರಡು ವಿಷಯ ಇದ್ದರೆ ಎರಡು ಮೆಸೇಜ್. ತೋಟದಲ್ಲಿ ಟೊಮೆಟೊ ಬಿಡಿಸುತ್ತಿರುವವರೂ ಫೋನ್ ಕಿವಿಗಿಟ್ಟು ಕೇಳಿಬಿಡುತ್ತಾರೆ.

ಆದರೆ ಸೂಚನೆ ಕಳಿಸುವುದಕ್ಕಷ್ಟೇ ಗ್ರೂಪ್ ಇಟ್ಟುಕೊಂಡರೆ ಅದರ ನಿಜವಾದ ಲಾಭ ಸಿಗುವುದಿಲ್ಲ. ನನಗೆ ಇದು ಗೊತ್ತಾಗಿದ್ದು ಕೆರೆಗಳ ಬಗ್ಗೆ ಪಾಠ ಮಾಡುವಾಗ. ಸಂಜೆ ಗ್ರೂಪಿಗೆ ಒಂದು ಪ್ರಶ್ನೆ ಹಾಕಿದೆ: ನಮ್ಮೂರ ಕೆರೆ ಕೋಡಿ ಬಿದ್ದದ್ದನ್ನು ಮನೆಯಲ್ಲಿ ಯಾರು ನೋಡಿದ್ದೀರಿ? ಆಗ ಗದ್ದೆಗೆ ನೀರು ಬಿಡುತ್ತಿದ್ದವರು ಯಾರು? ಊಟ ಆದಮೇಲೆ ಉತ್ತರ ಬರತೊಡಗಿದವು. ಎಲ್ಲವೂ ತೆಲುಗಿನಲ್ಲಿ, ಎಲ್ಲವೂ ವಾಯ್ಸ್‌ನಲ್ಲಿ. ಒಬ್ಬ ತಾತ ನೀರುಗಂಟಿಯ ಕೆಲಸ ಏನೆಂದು ಬಿಡಿಸಿ ಹೇಳಿದರು. ತೂಬು ಎತ್ತುವುದು ಅವನೊಬ್ಬನ ಕೆಲಸ, ಎಷ್ಟೇ ಜಮೀನಿದ್ದವನೂ ಅದನ್ನು ಮುಟ್ಟುವ ಹಾಗಿರಲಿಲ್ಲವಂತೆ. ಕೆರೆಯಲ್ಲಿ ನೀರು ಕಮ್ಮಿ ಇದ್ದ ವರ್ಷ ಊರಿನವರು ಕೂತು ಯಾವ ಗದ್ದೆಗೆ ನಾಟಿ, ಯಾವುದಕ್ಕೆ ಬೇಡ ಅಂತ ಮಾತಾಡಿಕೊಳ್ಳುತ್ತಿದ್ದರಂತೆ. ಅವರು ಹೇಳುತ್ತಿರುವಾಗ ಹಿಂದಿನಿಂದ ಅಜ್ಜಿಯೊಬ್ಬರು, ಕಟ್ಟೆ ಒಡೆದದ್ದನ್ನೂ ಹೇಳು ಅಂತ ನೆನಪು ಮಾಡುವುದು ಕೇಳಿಸುತ್ತದೆ. ಇನ್ನೊಬ್ಬರು 2021ರ ನವೆಂಬರ್ ಮಳೆಯಲ್ಲಿ ಕೋಡಿ ಹರಿದಾಗ ತೆಗೆದ ವಿಡಿಯೋ ಹಾಕಿದರು.

ಮಾರನೇ ದಿನ ಇವನ್ನೆಲ್ಲ ತರಗತಿಯಲ್ಲಿ ಕೇಳಿಸಿದೆ. ಮಕ್ಕಳು ಕನ್ನಡದಲ್ಲಿ ಬರೆದುಕೊಂಡರು. ನಮ್ಮ ಜಿಲ್ಲೆಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುತ್ತಿದೆಯಲ್ಲ, ಆ ಮಾತೂ ಬಂತು. ಅದು ಅಂತರ್ಜಲ ಏರಲಿ ಅಂತ ಕೆರೆಗೆ ಬಿಟ್ಟ ನೀರು, ನೇರವಾಗಿ ಗದ್ದೆಗೆ ಎತ್ತುವ ಹಾಗಿಲ್ಲ ಅಂದೆ. ಆಗ ಒಬ್ಬಳು ಎದ್ದು ನಿಂತು, ಹಾಗಾದರೆ ಆ ನೀರಿಗೆ ಈಗ ನೀರುಗಂಟಿ ಯಾರು ಮಿಸ್ ಅಂತ ಕೇಳಿದಳು. ಓದಲು ಬಾರದ ತಾತ ಆ ದಿನ ನಮ್ಮ ತರಗತಿಗೆ ಪಾಠ ಮಾಡಿದ್ದರು. ಫೋನ್ ಇಲ್ಲದಿದ್ದರೆ ಅವರನ್ನು ಶಾಲೆಗೆ ಕರೆತರಲು ನನ್ನಿಂದ ಆಗುತ್ತಿರಲಿಲ್ಲ.

ಇದಕ್ಕೇ ಗ್ರೂಪ್ ಬೇಕು ಅನ್ನುತ್ತೇನೆ. ಎರಡು ವಿಷಯ ಮಾತ್ರ ಅದರೊಳಗೆ ಬಿಡುವುದಿಲ್ಲ. ಒಂದು, ಹೋಂವರ್ಕ್. ಇನ್ನೊಂದು, ಯಾವುದಾದರೂ ಒಂದು ಮಗುವಿನ ಹೆಸರೆತ್ತಿ ಹೇಳುವ ಮಾತು. ನಿಮ್ಮ ಕಡೆ ಹೇಗೆ ನಡೆಯುತ್ತಿದೆ, ಬರೆಯಿರಿ.

ನರಸಾಪುರ ಶಿಫ್ಟ್ ಅಮ್ಮ:

ಮೇಡಂ, ಹೋಂವರ್ಕ್ ಹಾಕುವುದಿಲ್ಲ ಅಂದಿರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ನಾನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತೇನೆ. ಕಂಪನಿ ಬಸ್ಸಿಗೆ ಬೆಳಿಗ್ಗೆ ಹೋದರೆ ಫೋನ್ ಒಳಗೆ ಬಿಡುವುದಿಲ್ಲ, ಲಾಕರ್‌ನಲ್ಲಿ ಇಡಬೇಕು. ಎರಡನೇ ಶಿಫ್ಟ್ ಇದ್ದರೆ ಮನೆ ಸೇರುವಾಗ ಮಗಳು ಮಲಗಿರುತ್ತಾಳೆ. ಮನೆಯಲ್ಲಿ ಇರುವುದು ಅದೊಂದೇ ಸ್ಮಾರ್ಟ್‌ಫೋನ್. ಅಜ್ಜಿ ಹತ್ತಿರ ಇರುವುದು ಬಟನ್ ಫೋನು.

ನಮ್ಮ ಶಾಲೆಯ ಗ್ರೂಪಿನಲ್ಲಿ ರಾತ್ರಿ ಎಂಟಕ್ಕೆ, ಒಂಬತ್ತಕ್ಕೆ ಬರುತ್ತದೆ: ನಾಳೆ ಚಾರ್ಟ್ ಪೇಪರ್ ತನ್ನಿ, ನಾಳೆ ಹಸಿರು ಬಟ್ಟೆ ಹಾಕಿಸಿ. ಆ ಹೊತ್ತಿಗೆ ನಮ್ಮೂರಲ್ಲಿ ಯಾವ ಅಂಗಡಿ ತೆಗೆದಿರುತ್ತದೆ? ಬೆಳಿಗ್ಗೆ ಮಗಳು ಅಳುತ್ತಾ ಹೋಗುತ್ತಾಳೆ. ತಂದಿಲ್ಲ ಅಂತ ನಿಲ್ಲಿಸುವುದು ಮಾತ್ರ ಅವಳನ್ನೇ. ಮೆಸೇಜ್ ಬಂದದ್ದು ನನಗೆ, ನಿಂತುಕೊಂಡದ್ದು ಅವಳು.

ಗಡಿಶಾಲೆ ಟೀಚರ್:

ಅಕ್ಕ, ನಾನು ಹೋಂವರ್ಕನ್ನು ಬೋರ್ಡಿನಲ್ಲಿ ಬರೆದು ಡೈರಿಗೆ ಇಳಿಸಿಕೊಳ್ಳಲು ಹೇಳುವುದು ಇದಕ್ಕೇ. ಡೈರಿ ಮಗುವಿನ ಬ್ಯಾಗಿನಲ್ಲೇ ಇರುತ್ತದೆ, ಫೋನ್ ಎಲ್ಲೋ ಇರುತ್ತದೆ. ತರಬೇಕಾದ ವಸ್ತು ಇದ್ದರೆ ಎರಡು ದಿನ ಮೊದಲು ತರಗತಿಯಲ್ಲೇ ಹೇಳಬೇಕು. ಸಂಜೆ ಐದರ ನಂತರ ನಾಳೆಗೆ ಬೇಕು ಅಂತ ಏನನ್ನೂ ಕೇಳಬಾರದು. ನಿಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿ. ಕೇಳುವ ಹಕ್ಕು ನಿಮಗಿದೆ.

ಶಿಡ್ಲಘಟ್ಟ ರೇಷ್ಮೆ:

ನಮ್ಮ ಮನೆ ಕಥೆ ಬೇರೆ. ನನ್ನ ಮಗ ಎಂಟನೇ ತರಗತಿ. ನೋಟ್ಸ್ ಫೋನಿನಲ್ಲಿ ಬಂದಿದೆ ಅಂತ ಫೋನ್ ತೆಗೆದುಕೊಳ್ಳುತ್ತಾನೆ. ನಾನು ಹತ್ತಿರ ಹೋದರೆ ನೋಟ್ಸ್, ದೂರ ಬಂದರೆ ರೀಲ್ಸ್. ಹನ್ನೊಂದು ಗಂಟೆ ಆದರೂ ಬಿಡುವುದಿಲ್ಲ. ಕಿತ್ತುಕೊಂಡರೆ, ಸಾರ್ ಹಾಕಿದ್ದಾರೆ, ಬರೆಯದಿದ್ದರೆ ಬೈತಾರೆ ಅನ್ನುತ್ತಾನೆ. ಅವನು ಹೇಳುವುದೂ ಸುಳ್ಳಲ್ಲ, ನೋಟ್ಸ್ ನಿಜವಾಗಲೂ ಬಂದಿರುತ್ತದೆ. ಹದಿನೈದು ಪುಟದ ಫೋಟೋ! ಅದನ್ನು ಸ್ಕ್ರೀನ್ ನೋಡಿ ನಕಲು ಮಾಡುತ್ತಾನೆ. ಅದರಲ್ಲಿ ಏನು ಕಲಿತ ಅಂತ ಕೇಳಿದರೆ ಮಾತಿಲ್ಲ.

ನನಗೂ ಫೋನ್ ಬೇಕು. ಬೆಳಗಾದರೆ ರೇಷ್ಮೆಗೂಡಿನ ಮಾರ್ಕೆಟ್ಟು, ದುಡ್ಡಿನ ವ್ಯವಹಾರ ಎಲ್ಲ ಅದರಲ್ಲೇ. ರಾತ್ರಿ ಅವನ ಕೈಯಲ್ಲಿ ಚಾರ್ಜ್ ಮುಗಿದಿರುತ್ತದೆ. ಶಾಲೆಯವರು ಫೋನಿನಲ್ಲಿ ಕಳಿಸುವಾಗ ಮನೆಯಲ್ಲಿ ಏನಾಗುತ್ತೆ ಅಂತ ಸ್ವಲ್ಪ ಯೋಚಿಸಬೇಕು ಅಲ್ವಾ?

ಮಧುಗಿರಿ ವಿಜ್ಞಾನ ಮೇಷ್ಟ್ರು:

ನಾನು ಹೈಸ್ಕೂಲಿನವನು, ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಹತ್ತನೇ ತರಗತಿಗೆ ಬಂದ ಮಕ್ಕಳ ಕೈಗೆ ಫೋನ್ ಬಂದೇ ಬರುತ್ತದೆ. ಅದರಲ್ಲಿ ಕಲಿಯುವಂಥದ್ದನ್ನು ನಾವು ಇಡದಿದ್ದರೆ ಬೇರೆಯವರು ಬೇರೇನನ್ನೋ ಇಡುತ್ತಾರೆ. ನೋಟ್ಸ್ ಫೋಟೋ ಕಳಿಸುವುದು ದಂಡ, ಅದು ನಿಜ. ವಿಡಿಯೋ ಹಾಗಲ್ಲ.

ಉದಾಹರಣೆಗೆ, ವಿದ್ಯುತ್ ಮೋಟಾರಿನ ಚಿತ್ರ. ಬೋರ್ಡಿನಲ್ಲಿ ನಾನು ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಅರ್ಧಕ್ಕೆ ಬಂದಿರುತ್ತಾನೆ. ಕಮ್ಯುಟೇಟರ್‌ನ ಎರಡು ಅರ್ಧ ಉಂಗುರ ಎಲ್ಲಿ ಬಿಡಿಸಬೇಕು, ಬ್ರಷ್ ಎಲ್ಲಿ ತಾಗಬೇಕು, ಅಲ್ಲೇ ಎಲ್ಲರೂ ಎಡವುತ್ತಾರೆ. ನಾನು ಫೋನನ್ನು ಎರಡು ಪುಸ್ತಕದ ರಾಶಿ ಮೇಲೆ ಅಡ್ಡ ಇಟ್ಟು ಕೆಳಗೆ ಬಿಳಿ ಹಾಳೆ ಹಾಕುತ್ತೇನೆ. ನನ್ನ ಕೈ, ಪೆನ್ಸಿಲ್ಲು, ನನ್ನ ದನಿ, ಅಷ್ಟೇ. ಮೊದಲು ಆಯಸ್ಕಾಂತದ ಎರಡು ಧ್ರುವ, ಆಮೇಲೆ ಸುರುಳಿ, ಆಮೇಲೆ ಅರ್ಧ ಉಂಗುರ, ಕೊನೆಗೆ ಬಾಣದ ಗುರುತು. ಮೂರು ನಾಲ್ಕು ನಿಮಿಷ. ಅದನ್ನು ಯೂಟ್ಯೂಬಿನಲ್ಲಿ ಅನ್‌ಲಿಸ್ಟೆಡ್ ಅಂತ ಇಟ್ಟು ಲಿಂಕ್ ಕೊಡುತ್ತೇನೆ. ಲಿಂಕ್ ಇದ್ದವರಿಗೆ ಮಾತ್ರ ಸಿಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ಕಾಮೆಂಟ್ ಬಂದ್ ಮಾಡಿರುತ್ತೇನೆ. ಮಗು ನಿಲ್ಲಿಸಿ ನಿಲ್ಲಿಸಿ ಬರೆಯಬಹುದು, ನನ್ನ ಹತ್ತಿರ ಇನ್ನೊಂದು ಸಲ ಕೇಳಲು ನಾಚಿಕೆ ಪಡುವವನೂ ಹತ್ತು ಸಲ ನೋಡಬಹುದು. ಫೋನ್ ಇಲ್ಲದವರಿಗೆ ಮಾರನೇ ದಿನ ಶಾಲೆಯ ಟಿವಿಯಲ್ಲಿ ಹಾಕುತ್ತೇನೆ.

ವಿಡಿಯೋ ಮಾಡಲು ಬಾರದ ಟೀಚರ್‌ಗಳಿಗೂ ದಾರಿ ಇದೆ. ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಅಚ್ಚಾಗಿದೆ. 2017ರಲ್ಲಿ ಕೇಂದ್ರದವರು ಶುರು ಮಾಡಿದ ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ್ದೇ ವಿಡಿಯೋ ಬರುತ್ತದೆ. ಪೋಷಕರ ಸಭೆಯಲ್ಲಿ ಒಂದು ಸಲ ಎಲ್ಲರ ಎದುರಿಗೆ ಸ್ಕ್ಯಾನ್ ಮಾಡಿ ತೋರಿಸಿ. ಪುಸ್ತಕದ ಮೂಲೆಯಲ್ಲಿರುವ ಆ ಚೌಕ ಏನೆಂದು ಬಹಳ ಮನೆಗಳಲ್ಲಿ ಗೊತ್ತೇ ಇಲ್ಲ.

ಶಿರಾ ಡಿಗ್ರಿ:

ಸರ್, ನಾನು ವಿದ್ಯಾರ್ಥಿ ಕಡೆಯಿಂದ ಹೇಳುತ್ತೇನೆ. ನಾನು ಎಸ್‌ಎಸ್‌ಎಲ್‌ಸಿ ಬರೆದದ್ದು 2021ರ ಜುಲೈನಲ್ಲಿ. ಎರಡೇ ದಿನದ ಪರೀಕ್ಷೆ, ಎಲ್ಲವೂ ಆಯ್ಕೆಯ ಪ್ರಶ್ನೆ. ಅದಕ್ಕೂ ಹಿಂದಿನ ವರ್ಷ ಕೊರೊನಾದಿಂದ ಶಾಲೆ ಮುಚ್ಚಿತ್ತು, ಪಾಠ ಅಂದರೆ ಫೋನು, ಇಲ್ಲ ಅಂದರೆ ಚಂದನ ಟಿವಿಯಲ್ಲಿ ಬರುತ್ತಿದ್ದ ಸಂವೇದ ಪಾಠಗಳು. 2020ರ ಆಗಸ್ಟ್‌ನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆ ಬಂದಾಗ ಮೇಷ್ಟ್ರು ನಮ್ಮೂರ ದೇವಸ್ಥಾನದ ಜಗಲಿಗೇ ಬಂದರು. ಅಕ್ಟೋಬರ್‌ಗೆ ಅದೂ ನಿಂತಿತು. ಮನೆಯಲ್ಲಿ ಒಂದು ಫೋನು, ನಾನು ಮತ್ತು ತಂಗಿ. ಅವಳ ಪಾಠ ಬಿಟ್ಟು ನನ್ನ ಪಾಠ ನಡೆಯಿತು, ನಾನು ಹತ್ತನೇ ತರಗತಿ ಅಂತ.

ಆದರೆ ನಾನು ಬರೆಯಬೇಕೆಂದುಕೊಂಡದ್ದು ಇನ್ನೊಂದು ವಿಷಯ. ನಮ್ಮ ತರಗತಿಯ ಗ್ರೂಪಿನಲ್ಲಿ ಹುಡುಗರು ಹುಡುಗಿಯರು ಎಲ್ಲರ ನಂಬರೂ ಇತ್ತು. ಒಬ್ಬ ಹುಡುಗಿಯ ನಂಬರ್ ಅಲ್ಲಿಂದ ಹೊರಗೆ ಹೋಯಿತು. ಗೊತ್ತಿಲ್ಲದವರು ರಾತ್ರಿ ಫೋನ್ ಮಾಡತೊಡಗಿದರು. ಅವಳ ಅಪ್ಪ ಫೋನ್ ಕಿತ್ತುಕೊಂಡರು. ಅಲ್ಲಿಗೆ ಅವಳ ಓದು ಅರ್ಧ ನಿಂತಿತು. ತಪ್ಪು ಮಾಡಿದವನಿಗೆ ಏನೂ ಆಗಲಿಲ್ಲ. ಗ್ರೂಪ್ ಮಾಡುವಾಗ ಇದನ್ನು ಯಾರೂ ಯೋಚಿಸಿರಲಿಲ್ಲ. ಈಗಲೂ ಹೊಸ ಗ್ರೂಪ್ ನೋಡಿದರೆ ನನಗೆ ಅವಳೇ ನೆನಪಾಗುತ್ತಾಳೆ.

ಗಡಿಶಾಲೆ ಟೀಚರ್:

ಇದನ್ನು ಬರೆದದ್ದು ಒಳ್ಳೆಯದಾಯಿತು ತಮ್ಮ. ಎಲ್ಲರೂ ಗಮನಿಸಿ. ಸಾಮಾನ್ಯ ಗ್ರೂಪಿನಲ್ಲಿ ಪ್ರತಿಯೊಬ್ಬರ ನಂಬರೂ ಉಳಿದವರಿಗೆಲ್ಲ ಕಾಣಿಸುತ್ತದೆ. ವಾಟ್ಸಾಪ್‌ನಲ್ಲಿ 2022ರ ಕೊನೆಗೆ ಕಮ್ಯುನಿಟಿ ಅನ್ನುವುದು ಬಂತು. ಅದರ ಪ್ರಕಟಣೆಯ ಗ್ರೂಪಿಗೆ ಸೇರಿಸಿದರೆ ನಂಬರ್ ಅಡ್ಮಿನ್‌ಗೆ ಕಾಣುತ್ತದೆ, ಪೋಷಕರಿಂದ ಪೋಷಕರಿಗೆ ಕಾಣುವುದಿಲ್ಲ. ಮೆಸೇಜ್ ಹಾಕುವುದೂ ಅಡ್ಮಿನ್ ಮಾತ್ರ. ಇನ್ನೊಂದು ದಾರಿ ಬ್ರಾಡ್‌ಕಾಸ್ಟ್ ಲಿಸ್ಟ್. ಅದರಲ್ಲಿ 256 ಜನಕ್ಕೆ ಒಟ್ಟಿಗೆ ಕಳಿಸಬಹುದು, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಆದರೆ ಟೀಚರ್ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ತಲುಪುತ್ತದೆ. ದಾಖಲಾತಿಗೆ ಬಂದಾಗಲೇ ಅವರ ಫೋನಿನಲ್ಲಿ ನಾವೇ ಸೇವ್ ಮಾಡಿಕೊಡಬೇಕು.

ಕೆರೆಯ ಪ್ರಶ್ನೆಯಂಥದ್ದಕ್ಕೆ ಉತ್ತರ ನನ್ನ ನಂಬರಿಗೇ ನೇರವಾಗಿ ಬರಲಿ ಅನ್ನುತ್ತೇನೆ. ಕೇಳಿ, ಅವರನ್ನು ಕೇಳಿಕೊಂಡು, ಆಮೇಲೆ ಎಲ್ಲರಿಗೂ ಹಾಕುತ್ತೇನೆ. ಮಕ್ಕಳ ನಂಬರನ್ನು ಯಾವ ಗ್ರೂಪಿಗೂ ಸೇರಿಸುವುದೇ ಇಲ್ಲ. ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಲ್ಲಕ್ಕೂ ಅವರ ನಿಯಮದ ಪ್ರಕಾರವೇ 13 ವರ್ಷ ಆಗಿರಬೇಕು. ನನ್ನ ತರಗತಿಯಲ್ಲಿ ಬಹಳಷ್ಟು ಮಕ್ಕಳಿಗೆ ಅಷ್ಟು ಆಗಿಲ್ಲ.

ಚಿಂತಾಮಣಿ ಅಪ್ಪ:

ನನ್ನದು ಖಾಸಗಿ ಶಾಲೆಯ ಅನುಭವ, ಶಾಲೆ ಹೆಸರು ಬೇಡ. ಅಲ್ಲಿ ಟೆಸ್ಟ್ ಮುಗಿದ ತಕ್ಷಣ ಮಾರ್ಕ್ಸ್ ಪಟ್ಟಿಯ ಫೋಟೋ ಗ್ರೂಪಿಗೆ ಬರುತ್ತದೆ. ಕಮ್ಮಿ ಬಂದವರಿಗೆ ಕೆಂಪು ಗೆರೆ. ಫೀಸು ಬಾಕಿ ಇದ್ದವರ ಹೆಸರೂ ಒಂದು ಸಲ ಬಂತು. ನನ್ನ ಮಗಳ ಹೆಸರಿಗೆ ಕೆಂಪು ಗೆರೆ ಬಿದ್ದ ದಿನ ಸಂಜೆಯೊಳಗೆ ನಮ್ಮ ಬೀದಿಗೆಲ್ಲ ಗೊತ್ತು. ಪಕ್ಕದ ಮನೆಯವರು ಅವಳನ್ನೇ ನಿಲ್ಲಿಸಿ, ಏನಮ್ಮ ಗಣಿತದಲ್ಲಿ ಇಷ್ಟೇನಾ ಅಂದರು. ಅವಳು ನಾಳೆ ಸ್ಕೂಲಿಗೆ ಹೋಗಲ್ಲ ಅಂತ ಕೂತಳು. ಮಾರ್ಕ್ಸ್ ಕಮ್ಮಿ ಬಂದಿದ್ದರೆ ನನಗೆ ಹೇಳಿ, ನಾನು ನೋಡಿಕೊಳ್ಳುತ್ತೇನೆ. ಊರಿಗೆಲ್ಲ ಯಾಕೆ?

ಕೇಳಿದರೆ, ಪಾರದರ್ಶಕತೆ ಸರ್ ಅಂದರು.

ನಿವೃತ್ತ ಹೆಡ್ಮಾಷ್ಟ್ರು, ತಿಪಟೂರು:

ಅದು ಕಾನೂನಿಗೂ ಒಪ್ಪುವ ಮಾತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಗುವಿನ ಹೆಸರಿಗೆ ಕೆಂಪು ಗೆರೆ ಎಳೆದು ಬೀದಿಗೆ ತೋರಿಸುವುದು ಕಿರುಕುಳ ಅಲ್ಲದೆ ಮತ್ತೇನು? 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ 18 ವರ್ಷದ ಒಳಗಿನವರನ್ನು ಮಕ್ಕಳು ಅಂತಲೇ ಹೇಳಿದ್ದಾರೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆಯ ಮಾತು ಬರುತ್ತದೆ. ಲಿಖಿತವಾಗಿ ಒಂದು ಪತ್ರ ಕೊಡಿ, ಕಾಯ್ದೆಯ ಹೆಸರು ಹಾಕಿ.

ನನ್ನದು ಇನ್ನೊಂದು ಆಕ್ಷೇಪ ಇದೆ, ಟೀಚರಮ್ಮ ಬೇಜಾರು ಮಾಡಿಕೊಳ್ಳಬಾರದು. ಈ ಗ್ರೂಪ್‌ಗಳು ಬಂದಮೇಲೆ ಮೇಷ್ಟ್ರುಗಳು ಮನೆ ಬಾಗಿಲಿಗೆ ಹೋಗುವುದು ನಿಂತಿತು. ಮಗು ನಾಲ್ಕು ದಿನ ಬರಲಿಲ್ಲ ಅಂದರೆ ನಾವು ಸೈಕಲ್ ಹತ್ತಿ ಹೋಗುತ್ತಿದ್ದೆವು. ಹೋದಾಗ ಗೊತ್ತಾಗುತ್ತಿತ್ತು, ತಾಯಿಗೆ ಹುಷಾರಿಲ್ಲ, ಹಿರಿಮಗಳು ಅಡಿಗೆ ಮಾಡುತ್ತಿದ್ದಾಳೆ, ಇಲ್ಲ ಅಪ್ಪ ಕೊಬ್ಬರಿ ಸುಲಿಯಲು ಕರೆದುಕೊಂಡು ಹೋಗಿದ್ದಾನೆ ಅಂತ. ಈಗ ಗ್ರೂಪಿನಲ್ಲಿ, ಇಂಥವರು ಗೈರು, ಕಾರಣ ತಿಳಿಸಿ ಅಂತ ಹಾಕಿ ಕೂತರೆ ಯಾರು ತಿಳಿಸುತ್ತಾರೆ? ಎರಡು ನೀಲಿ ಗೆರೆ ಬಂದ ಮಾತ್ರಕ್ಕೆ ಮನೆಯವರಿಗೆ ತಲುಪಿತು ಅಂದುಕೊಳ್ಳಬೇಡಿ. ನೋಡಿದ್ದು ಆ ಮಗುವೇ ಇರಬಹುದು.

ನರಸಾಪುರ ಶಿಫ್ಟ್ ಅಮ್ಮ:

ಹೆಡ್ಮಾಷ್ಟ್ರು ಹೇಳಿದ್ದು ಸತ್ಯ. ನನ್ನ ಮಗಳೇ ಎಷ್ಟೋ ಮೆಸೇಜ್ ತೆಗೆದು ನೋಡಿರುತ್ತಾಳೆ, ನನಗೆ ಗೊತ್ತೇ ಇರುವುದಿಲ್ಲ.

ಗಡಿಶಾಲೆ ಟೀಚರ್:

ಸರ್, ಬೇಜಾರೇನಿಲ್ಲ. ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಮನೆ ಭೇಟಿ ಬಿಡಲು ಗ್ರೂಪ್ ನೆಪ ಆಗಬಾರದು. ಆದರೆ ಎಲ್ಲ ಮನೆಗೂ ತಿಂಗಳಿಗೊಮ್ಮೆ ಹೋಗಲು ಈಗ ಆಗುತ್ತಿಲ್ಲ. ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ಆನ್‌ಲೈನ್‌ಗೆ ಏರಿಸುವುದು, ಸಮೀಕ್ಷೆ ಕೆಲಸ, ಎಲ್ಲ ನಮ್ಮ ಮೇಲೇ. ಅದಕ್ಕೆ ಸೂಚನೆಯ ಕೆಲಸ ಫೋನಿಗೆ ಬಿಟ್ಟು, ಉಳಿದ ಹೊತ್ತಿನಲ್ಲಿ ಹೋಗಲೇಬೇಕಾದ ಮನೆಗೆ ಹೋಗುತ್ತೇನೆ. ಗೈರುಹಾಜರಿ ವಿಷಯ ಗ್ರೂಪಿಗೆ ಬರುವುದೇ ಇಲ್ಲ. ಮೊದಲು ಕರೆ, ಎತ್ತದಿದ್ದರೆ ಭೇಟಿ.

ಮಧುಗಿರಿ ವಿಜ್ಞಾನ ಮೇಷ್ಟ್ರು:

ಫಾರ್ವರ್ಡ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವದಂತಿ ಹೀಗೇ ಫೋನಿನಿಂದ ಫೋನಿಗೆ ಹರಡಿ ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರ ಜೀವ ಹೋಯಿತು. ಅದಾದ ಮೇಲೆಯೇ ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ತಂದದ್ದು. ಶಾಲೆಯ ಗ್ರೂಪಿನಲ್ಲಿ ಬಂದದ್ದನ್ನು ಜನ ಬೇಗ ನಂಬುತ್ತಾರೆ, ಮೇಷ್ಟ್ರು ಇರುವ ಗ್ರೂಪ್ ಅಂತ. ಅದಕ್ಕೇ ಅಡ್ಮಿನ್ ಮಾತ್ರ ಹಾಕುವ ಹಾಗಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನನ್ನ ತರಗತಿಯಲ್ಲಿ ಇದನ್ನೂ ಪಾಠ ಮಾಡುತ್ತೇನೆ. ಮಕ್ಕಳೇ ಮನೆಗೆ ಬಂದ ಒಂದು ಫಾರ್ವರ್ಡ್ ಬರೆದುಕೊಂಡು ಬರುತ್ತಾರೆ. ಯಾರು ಹೇಳಿದ್ದು, ಯಾವ ದಿನದ್ದು, ಯಾವ ಊರಿನದು? ಮೂರಕ್ಕೂ ಉತ್ತರ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ ಅಂತ ಅಪ್ಪನಿಗೆ ಹೇಳು ಅನ್ನುತ್ತೇನೆ. ಹೇಳುತ್ತಾರೆ ಕೂಡ!

ಕೊರಟಗೆರೆ ಮಿಸ್:

ನಾನೊಂದು ಪ್ರಶ್ನೆ ಕೇಳಬಹುದಾ? ನನಗೆ ರಾತ್ರಿ ಹತ್ತು ಗಂಟೆಗೂ ಕರೆ ಬರುತ್ತದೆ. ಕೆಲವರು ಸುಮ್ನೆ ಡಿಪಿ ನೋಡಿ ಏನೇನೋ ಮೆಸೇಜ್ ಮಾಡುತ್ತಾರೆ. ಮನೆಯಲ್ಲಿ ಗಲಾಟೆ. ನಂಬರ್ ಕೊಡದೇ ಇರಲು ಆಗುವುದಿಲ್ಲ. ಏನು ಮಾಡುತ್ತೀರಿ?

ಗಡಿಶಾಲೆ ಟೀಚರ್:

ಬೇರೆ ಸಿಮ್ ತೆಗೆದುಕೊಳ್ಳಿ ಮಿಸ್, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ. ದುಡ್ಡು ಕೊಡಬೇಕಿಲ್ಲ. ಶಾಲೆ ಬಿಟ್ಟ ಮೇಲೆ ಯಾರು ಬರೆದರೂ, ನಾಳೆ ಬೆಳಿಗ್ಗೆ ಉತ್ತರಿಸುತ್ತೇನೆ, ಮಗುವಿಗೆ ಹುಷಾರಿಲ್ಲದಿದ್ದರೆ ಕರೆ ಮಾಡಿ ಅಂತ ತಾನೇ ಉತ್ತರ ಹೋಗುವ ಹಾಗೆ ಇಡಬಹುದು. ಡಿಪಿಗೆ ಶಾಲೆಯ ಫೋಟೋ ಸಾಕು. ಕೆಟ್ಟದಾಗಿ ಬರೆದವರ ಮೆಸೇಜ್ ಅಳಿಸಬೇಡಿ, ಹೆಡ್ಮಾಷ್ಟ್ರಿಗೂ ಎಸ್‌ಡಿಎಂಸಿಗೂ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ತೋರಿಸಿ. ಒಬ್ಬರೇ ನುಂಗಿಕೊಳ್ಳಬೇಡಿ.

ಶಿಡ್ಲಘಟ್ಟ ರೇಷ್ಮೆ:

ನಾನು ನಮ್ಮ ಶಾಲೆಯ ಎಸ್‌ಡಿಎಂಸಿಯಲ್ಲಿದ್ದೇನೆ. ಇಲ್ಲಿ ಬಂದದ್ದನ್ನು ಮುಂದಿನ ಸಭೆಗೆ ತೆಗೆದುಕೊಂಡು ಹೋಗುತ್ತೇನೆ. ನೋಟ್ಸ್ ಫೋಟೋ ನಿಲ್ಲಿಸಿ, ಐದು ಗಂಟೆ ಮೇಲೆ ಏನೂ ಬೇಡ, ಮಾರ್ಕ್ಸ್ ಗ್ರೂಪಿಗೆ ಬೇಡ. ಇಷ್ಟು ನಡಾವಳಿ ಪುಸ್ತಕದಲ್ಲಿ ಬರೆಸುತ್ತೇನೆ. ಕೆರೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು ಮೇಡಂ. ನಮ್ಮ ಕಡೆ ಹುಳು ಸಾಕುವುದು, ನೂಲು ತೆಗೆಯುವುದರ ಬಗ್ಗೆ ಕೇಳಲಿ. ಎಷ್ಟನೇ ಜ್ವರ, ಅಂದರೆ ಹುಳು ಪೊರೆ ಬಿಡುವ ಹಂತ, ಆದಮೇಲೆ ಎಷ್ಟು ಸೊಪ್ಪು ಹಾಕಬೇಕು ಅಂತ ನಮ್ಮಮ್ಮ ನಿದ್ದೆಯಲ್ಲೂ ಹೇಳುತ್ತಾಳೆ. ಶಾಲೆಯವರು ಅವಳನ್ನು ಇದುವರೆಗೆ ಏನೂ ಕೇಳಿಲ್ಲ.

ಒಂದೇ ಅನುಮಾನ. ಫೋನೇ ಇಲ್ಲದ ಮನೆ, ತಿಂಗಳಿಗೊಮ್ಮೆ ನಂಬರ್ ಬದಲಾಗುವ ಮನೆ, ಇವಕ್ಕೆ ಏನು ಮಾಡುತ್ತೀರಿ? ಗೂಡಂಗಡಿಯವನು, ಕೂಲಿಯವನು, ರೀಚಾರ್ಜ್ ಮುಗಿದರೆ ಸಿಮ್ ಬಿಸಾಕುತ್ತಾನೆ.

ಗಡಿಶಾಲೆ ಟೀಚರ್:

ಅಣ್ಣ, ನಿಮ್ಮ ಅಮ್ಮನ ದನಿಯನ್ನು ನಿಮ್ಮ ಶಾಲೆಗೆ ಕಳಿಸಿ, ಮೇಷ್ಟ್ರು ಕೇಳುವವರೆಗೆ ಕಾಯಬೇಡಿ.

ನಂಬರಿಗೆ ನಾನು ಹಾಜರಿ ಪುಸ್ತಕದ ಕೊನೆಯಲ್ಲಿ ಒಂದು ಪುಟ ಇಟ್ಟಿದ್ದೇನೆ. ಮಗುವಿನ ಹೆಸರು, ಫೋನ್ ಯಾರದು, ಅದು ಮನೆಯಲ್ಲಿ ಇರುವ ಹೊತ್ತು, ಓದುವವರು ಇದ್ದಾರಾ ಇಲ್ಲವಾ, ಮನೆಯಲ್ಲಿ ಯಾವ ಭಾಷೆ. ಕೊನೆಯ ಕಾಲಂ, ಫೋನ್ ತಲುಪದಿದ್ದರೆ ಯಾರ ಕೈಯಲ್ಲಿ ಹೇಳಿ ಕಳಿಸಬೇಕು. ಅಲ್ಲಿ ಅದೇ ಬೀದಿಯ ಇನ್ನೊಂದು ಮಗುವಿನ ಹೆಸರು ಇರುತ್ತದೆ, ಇಲ್ಲ ಅಂಗನವಾಡಿ ಟೀಚರ್, ಇಲ್ಲ ಡೈರಿಯಲ್ಲಿ ಹಾಲು ಅಳೆಯುವವರು. ಎಲ್ಲವನ್ನೂ ಪೆನ್ಸಿಲ್‌ನಲ್ಲೇ ಬರೆಯುತ್ತೇನೆ, ಬದಲಾಗುತ್ತಲೇ ಇರುತ್ತದೆ. ತಿಂಗಳ ಮೊದಲ ಸೋಮವಾರ ಹಾಜರಿ ಕೂಗುವಾಗಲೇ ಕೇಳುತ್ತೇನೆ, ನಂಬರ್ ಅದೇನಾ? ಬದಲಾಗಿದ್ದರೆ ಮಗು ಮನೆಯಿಂದ ಚೀಟಿಯಲ್ಲಿ ಬರೆಸಿಕೊಂಡು ಬರುತ್ತದೆ, ಎಲ್ಲರ ಎದುರು ಹೇಳುವುದು ಬೇಡ ಅಂತ. ಹಳೆಯ ನಂಬರನ್ನು ಅದೇ ದಿನ ಗ್ರೂಪಿನಿಂದ ತೆಗೆಯಬೇಕು. ಆ ಸಿಮ್ ಮುಂದೆ ಬೇರೆ ಯಾರಿಗೋ ಹೋಗುತ್ತದೆ. ನಮ್ಮ ಮಕ್ಕಳ ವಿಷಯ ಅವರ ಫೋನಿಗೆ ಬೀಳಬಾರದು.

ಆ ಪುಟದ ಫೋಟೋ ಇಲ್ಲಿ ಹಾಕುವುದಿಲ್ಲ, ಅದರಲ್ಲಿ ಮನೆಗಳ ವಿವರ ಇದೆ. ಖಾಲಿ ಕಾಲಂ ಹಾಕಿದ ಹಾಳೆ ಬೇಕಾದವರು ಹೇಳಿ, ಕಳಿಸುತ್ತೇನೆ.

ಕೊರಟಗೆರೆ ಮಿಸ್:

ನನಗೆ ಕಳಿಸಿ ಮೇಡಂ. ಹೊಸ ಸಿಮ್ ನಾಳೆಯೇ ತೆಗೆದುಕೊಳ್ಳುತ್ತೇನೆ.